ಮೊದಲು ಒಳಗೆ ಹೋದವನು ಸತ್ತರೆ ಯಾರನ್ನ ಬಯ್ಯಬೇಕು?



ಇವತ್ತು ಗೇಮಿಂಗ್ ಬಗ್ಗೆ ಮಾತು. ಅದರಲ್ಲೂ ಒಂದೇ ವಿಷಯ. ಟೀಮ್ ಆಗಿ ಆಡೋ ಶೂಟರ್ ಗೇಮ್‌ಗಳಲ್ಲಿ, ಎದುರಾಳಿಗಳು ಕಾದು ಕೂತಿರೋ ಜಾಗಕ್ಕೆ ಜೀವ ಉಳಿಸ್ಕೊಂಡು ನುಗ್ಗೋದು ಹೇಗೆ? ವ್ಯಾಲರೆಂಟ್ ಆಡೋರು ಇದನ್ನ ಸೈಟ್ ಎಂಟ್ರಿ ಅಂತೀರಿ, ಬಿಜಿಎಂಐ ಆಡೋರು ರಶ್ ಅಂತೀರಿ. ಹೆಸರು ಬೇರೆ, ತಲೆನೋವು ಒಂದೇ.

ಈ ದೃಶ್ಯ ನಿಮಗೆ ಗೊತ್ತಿರುತ್ತೆ. ಐದು ಜನ ಗೋಡೆ ಹಿಂದೆ ನಿಂತಿದ್ದಾರೆ. ಟೈಮ್ ಓಡ್ತಿದೆ. "ಹೋಗು ಮಗಾ", "ನೀನ್ ಹೋಗು ಗುರು, ನಾನ್ ಕವರ್ ಕೊಡ್ತೀನಿ". ಕೊನೆಗೆ ಒಬ್ಬ ಧೈರ್ಯ ಮಾಡಿ ಹೋಗ್ತಾನೆ, ಎರಡು ಹೆಜ್ಜೆ ಇಡೋದ್ರಲ್ಲಿ ಸತ್ತು ಬೀಳ್ತಾನೆ. ಉಳಿದ ನಾಲ್ಕು ಜನ ಗೋಡೆ ಬಿಟ್ಟು ಅಲ್ಲಾಡಿರಲ್ಲ. ಅಲ್ಲಿಂದಲೇ ಬೈಗುಳ ಶುರು: "ಏನೋ ಇದು, ನೋಡ್ಕೊಂಡು ಹೋಗೋಕಾಗಲ್ವಾ?"

ಇಂಥ ಸಾವಿಗೆ ಮುಂದೆ ಹೋದವನ ಗುರಿ ಕಾರಣ ಆಗಿರೋದು ಕಡಿಮೆ. ಬಹಳ ಸಲ ಕಾರಣ ಅವನ ಹಿಂದೆ ಬರಬೇಕಾದವನು ಬರದೇ ಇರೋದು. ನಾನು ನಮ್ಮ ಐದು ಜನರ ಗುಂಪಲ್ಲಿ ಎರಡನೆಯವನಾಗಿ ಹೋಗೋನು, ಅದಕ್ಕೇ ಆ ಕಡೆಯಿಂದಲೇ ಮಾತಾಡ್ತೀನಿ.

ಮೊದಲು, ನುಗ್ಗೋದು ಯಾಕೆ ಇಷ್ಟು ಕಷ್ಟ ಅಂತ ನೋಡೋಣ.

ವ್ಯಾಲರೆಂಟಲ್ಲಿ ಪೂರ್ತಿ ದುಡ್ಡು ಕೊಟ್ಟು ದೊಡ್ಡ ಶೀಲ್ಡ್ ಹಾಕಿಕೊಂಡವನ ಜೀವ ಒಟ್ಟು 150: ದೇಹ 100, ಶೀಲ್ಡ್ 50. ವ್ಯಾಂಡಲ್ ಬಂದೂಕಿನ ಒಂದು ಗುಂಡು ತಲೆಗೆ ಬಿದ್ದರೆ 160, ಎಷ್ಟೇ ದೂರದಿಂದ ಹೊಡೆದರೂ ಅಷ್ಟೇ. ಅಂದ್ರೆ ಒಂದೇ ಗುಂಡು, ಕಥೆ ಮುಗೀತು. ಒಳಗಿರೋನು ಕ್ರಾಸ್‌ಹೇರನ್ನ ಬಾಗಿಲಿಗೆ ನೆಟ್ಟು ಆರಾಮಾಗಿ ನಿಂತಿದ್ದಾನೆ. ಓಡ್ತಾ ಹೊಡೆದರೆ ಗುಂಡು ಎಲ್ಲೆಲ್ಲೋ ಹೋಗೋ ಗೇಮ್ ಇದು. ಹೊಡೀಬೇಕು ಅಂದ್ರೆ ನಿಲ್ಲಬೇಕು, ನಿಂತರೆ ಹೊಡೆಸ್ಕೋತೀರಿ.

ಇದು ಹೊಸ ಸಮಸ್ಯೆಯೇನೂ ಅಲ್ಲ. 1999ರಲ್ಲಿ ಹಾಫ್-ಲೈಫ್ ಗೇಮಿನ ಮಾಡ್ ಆಗಿ ಕೌಂಟರ್-ಸ್ಟ್ರೈಕ್ ಬಂದಾಗಿಂದ, ಒಬ್ಬರು ಕಾಯೋದು, ಇನ್ನೊಬ್ಬರು ನುಗ್ಗೋದು ಅನ್ನೋ ಈ ಆಟ ನಡೀತಾನೇ ಇದೆ. ವ್ಯಾಲರೆಂಟ್ 2020ರ ಜೂನ್‌ನಲ್ಲಿ ಬಂತು, ಅದರ ಮೂಳೆ ಮಾತ್ರ ಕೌಂಟರ್-ಸ್ಟ್ರೈಕ್‌ದೇ.

ಆದ್ರೆ ನುಗ್ಗೋನ ಕಡೆಗೂ ಒಂದೆರಡು ಲಾಭ ಇವೆ.

ಒಂದು, ನೆಟ್‌ವರ್ಕಿನದು. ನಾನು ಗೋಡೆಯಿಂದ ಆಚೆ ಬಂದೆ ಅಂತ ಇಟ್ಕೊಳಿ. ನನ್ನ ಸ್ಕ್ರೀನಲ್ಲಿ ಆ ಕ್ಷಣವೇ ಎದುರಾಳಿ ಕಾಣ್ತಾನೆ. ಆದ್ರೆ ನಾನು ಬಂದ ಸುದ್ದಿ ಸರ್ವರ್‌ಗೆ ಹೋಗಿ, ಅಲ್ಲಿಂದ ಅವನ ಮನೆ ತಲುಪಬೇಕು. ಅಷ್ಟರಲ್ಲಿ ಒಂದಿಷ್ಟು ಮಿಲಿಸೆಕೆಂಡ್ ಅವನಿಗಿಂತ ಮುಂಚೆ ನಾನು ಅವನನ್ನ ನೋಡಿರ್ತೀನಿ. ಇದನ್ನೇ ಪೀಕರ್ಸ್ ಅಡ್ವಾಂಟೇಜ್ ಅನ್ನೋದು. ವ್ಯಾಲರೆಂಟ್ ಮಾಡಿದ ರಯಟ್ ಗೇಮ್ಸ್ ಇದನ್ನ ಕಮ್ಮಿ ಮಾಡೋಕೆ ಅಂತಲೇ ಸೆಕೆಂಡಿಗೆ 128 ಸಲ ಲೆಕ್ಕ ಹಾಕೋ ಸರ್ವರ್‌ಗಳನ್ನ ಇಟ್ಟಿದೆ. ಕಮ್ಮಿ ಆಗಿದೆ, ಪೂರ್ತಿ ಹೋಗಿಲ್ಲ. ಹಾಗಾಗಿ ಹೊರಗೆ ಬರೋದಾದ್ರೆ ಒಂದೇ ಸಲಕ್ಕೆ ಗಟ್ಟಿಯಾಗಿ ಬನ್ನಿ. ಅರ್ಧ ಹೆಜ್ಜೆ ಇಟ್ಟು, ಇಣುಕಿ, ಹಿಂಜರಿದು, ಮತ್ತೆ ಇಣುಕೋದು ಎಲ್ಲಕ್ಕಿಂತ ಅಪಾಯ. ಆ ಲಾಭವೂ ಸಿಗಲ್ಲ, ನೀವು ಅಲ್ಲಿದ್ದೀರಿ ಅಂತ ಅವನಿಗೆ ಗೊತ್ತೂ ಆಗುತ್ತೆ.

ಎರಡನೇದು ದೂರದ ಲೆಕ್ಕ. ಗೋಡೆಯ ಅಂಚಿಗೆ ಅಂಟಿಕೊಂಡು ಇಣುಕಿದರೆ, ಅಂಚಿನಿಂದ ದೂರ ನಿಂತವನಿಗೆ ನಿಮ್ಮ ಭುಜ ಮೊದಲು ಕಾಣುತ್ತೆ, ನಿಮಗೆ ಅವನು ಆಮೇಲೆ ಕಾಣ್ತಾನೆ. ಅದಕ್ಕೇ ಗೋಡೆಯಿಂದ ಸ್ವಲ್ಪ ದೂರ ಸರಿದು, ಕಲ್ಲಂಗಡಿ ಹಣ್ಣನ್ನ ಹೋಳು ಹೋಳಾಗಿ ಕೊಯ್ದಂತೆ, ಒಂದೊಂದೇ ಮೂಲೆಯನ್ನ ನೋಡ್ತಾ ಬರಬೇಕು. ಒಂದು ಹೋಳು ನೋಡಿ, ಯಾರೂ ಇಲ್ಲ ಅಂತಾದ್ಮೇಲೆ ಮುಂದಿನ ಹೋಳು. ಕ್ರಾಸ್‌ಹೇರ್ ನೆಲದ ಮೇಲೆ ಬೇಡ, ಎದುರಾಳಿಯ ತಲೆ ಬರೋ ಎತ್ತರದಲ್ಲೇ ಇರಲಿ.

ಇದಿಷ್ಟು ಒಬ್ಬನೇ ಮಾಡಬಹುದಾದ ಕೆಲಸ. ಆದ್ರೆ ಒಬ್ಬನ ಹತ್ರ ಇರೋದು ಎರಡೇ ಕಣ್ಣು, ಸೈಟ್‌ನಲ್ಲಿರೋ ಮೂಲೆಗಳು ಏಳೆಂಟು. ಇಲ್ಲಿಂದ ಟೀಮ್ ಬೇಕು.

ಒಂದು ಉದಾಹರಣೆ ತಗೋಳೋಣ. ವ್ಯಾಲರೆಂಟ್‌ನ ಅಸೆಂಟ್ ಮ್ಯಾಪು, ಎ ಸೈಟ್. ಎ ಮೇನ್ ದಾರಿಯಿಂದ ನೀವು ನುಗ್ತಾ ಇದ್ದೀರಿ. ಮೇಲ್ಗಡೆ ಹೆವನ್ ಇದೆ, ಅಲ್ಲಿಂದ ಇಡೀ ಸೈಟ್ ಕಾಣುತ್ತೆ. ಇನ್ನೊಂದು ಕಡೆ ಟ್ರೀ, ಅಲ್ಲಿಂದ ಹೊಸಬರು ಸಹಾಯಕ್ಕೆ ಓಡಿ ಬರಬಹುದು. ಸೈಟ್ ಮಧ್ಯೆ ಜನರೇಟರ್, ಅದರ ಹಿಂದೆ ಒಬ್ಬ ಇರಬಹುದು. ಪೆಟ್ಟಿಗೆಗಳ ಹಿಂದೆ, ಒಳಗೆ ಕಾಲಿಡ್ತಿದ್ದ ಹಾಗೇ ಪಕ್ಕದಲ್ಲೇ ಸಿಗೋ ಮೂಲೆಯಲ್ಲಿ ಕೂಡ ಇರಬಹುದು.

ಹೆವನ್‌ಗೆ ಒಂದು ಸ್ಮೋಕ್, ಟ್ರೀಗೆ ಒಂದು ಸ್ಮೋಕ್ ಬಿದ್ದರೆ ಏನಾಗುತ್ತೆ ನೋಡಿ. ದೂರದ ಎರಡು ಕಣ್ಣು ಮುಚ್ಚಿದವು. ಈಗ ನೋಡಬೇಕಾಗಿರೋದು ಸೈಟ್ ಒಳಗಿನ ಮೂರ್ನಾಲ್ಕು ಮೂಲೆ ಅಷ್ಟೇ. ಸೋವಾ ಇದ್ದರೆ ಅವನ ಬಾಣ ಹೊಡೆದು ಒಳಗೆ ಯಾರಿದ್ದಾರೆ ಅಂತ ನೋಡಬಹುದು. ಬ್ರೀಚ್ ಇದ್ದರೆ ಗೋಡೆ ಆಚೆಯಿಂದಲೇ ಫ್ಲ್ಯಾಶ್ ಹಾಕಿ ಅವರ ಕಣ್ಣು ಕತ್ತಲಾಗಿಸಬಹುದು. ನೋಡಬೇಕಾದ ಜಾಗ ಕಮ್ಮಿ ಆಯ್ತು, ನೋಡ್ತಿರೋ ಕಣ್ಣುಗಳೂ ಕಮ್ಮಿ ಆದವು. ಸೇಫಾಗಿ ನುಗ್ಗೋದು ಅಂದ್ರೆ ಇಷ್ಟೇ: ಒಂದು ಹೊತ್ತಿಗೆ ಒಂದೇ ಜಗಳ ಆಗೋ ಹಾಗೆ ನೋಡ್ಕೊಳ್ಳೋದು.

ಕೌಂಟರ್-ಸ್ಟ್ರೈಕ್ ಆಡೋರಿಗೆ ಮಿರಾಜ್ ಮ್ಯಾಪಿನ ಎ ಸೈಟ್ ಗೊತ್ತಿರುತ್ತೆ. ಅಲ್ಲಿ ಸಿಟಿ, ಸ್ಟೇರ್ಸ್, ಜಂಗಲ್ ಅಂತ ಮೂರು ಕಡೆ ಸ್ಮೋಕ್ ಹಾಕೋದು ಹಳೇ ಪಾಠ. ಅಲ್ಲೂ ಇದೇ ಲೆಕ್ಕ.

ಆದ್ರೆ ಸ್ಮೋಕ್‌ಗೆ ಆಯಸ್ಸು ಕಮ್ಮಿ. ಬ್ರಿಮ್‌ಸ್ಟೋನ್, ಒಮೆನ್ ಹಾಕೋ ಹೊಗೆ ಹೆಚ್ಚುಕಮ್ಮಿ 15ರಿಂದ 20 ಸೆಕೆಂಡ್ ಇರುತ್ತೆ. ಹೊಗೆ ಬಿದ್ದ ಮೇಲೆ "ಹೋಗೋಣ್ವಾ?" ಅಂತ ಚರ್ಚೆ ಮಾಡಿದ್ರೆ, ಚರ್ಚೆ ಮುಗಿಯೋ ಹೊತ್ತಿಗೆ ಹೊಗೆ ಕರಗಿರುತ್ತೆ. ನಮ್ಮ ಗುಂಪಲ್ಲಿ ಸ್ಮೋಕ್ ಹಾಕೋದು ನನ್ನ ಚಿಕ್ಕಮ್ಮನ ಮಗಳು. ಅವಳದ್ದೊಂದು ರೂಲ್ಸ್ ಇದೆ: "ಅಣ್ಣಾ, ನಾನು ಬಟನ್ ಒತ್ತೋದು ನೀವೆಲ್ಲ ರೆಡಿ ಅಂದ ಮೇಲೆ. ಒತ್ತಿದ ಮೇಲೆ ಯಾರೂ ಮಾತಾಡಂಗಿಲ್ಲ, ನಡೀಬೇಕು." ಇಷ್ಟು ಸರಳ ಮಾತು ಪಾಲಿಸೋ ಟೀಮ್‌ಗಳು ಎಷ್ಟಿವೆ ಹೇಳಿ?

ಟೈಮ್ ಲೆಕ್ಕವೂ ಇದೆ. ವ್ಯಾಲರೆಂಟಲ್ಲಿ ಒಂದು ರೌಂಡ್ 100 ಸೆಕೆಂಡ್, ಸ್ಪೈಕ್ ಇಡೋಕೆ 4 ಸೆಕೆಂಡ್. ಕೊನೇ 15 ಸೆಕೆಂಡ್‌ವರೆಗೂ ಗೋಡೆ ಹಿಂದೆ ನಿಂತಿದ್ದು ಆಮೇಲೆ ನುಗ್ಗಿದ್ರೆ, ಸ್ಪೈಕ್‌ಗೆ 4 ಹೋಗಿ ಉಳಿಯೋದು 11. ಅಷ್ಟರಲ್ಲಿ ಹೋಳು ಹೋಳಾಗಿ ಮೂಲೆ ನೋಡೋಕಾಗುತ್ತಾ? ಆಗಲ್ಲ. ಆಗ ಓಡಬೇಕು, ಓಡ್ತಾ ಸಾಯಬೇಕು. 40 ಸೆಕೆಂಡ್ ಉಳಿದಿರುವಾಗಲೇ ತೀರ್ಮಾನ ಮಾಡಿ. ಒಳಗೆ ಮೂರು ಜನ ಇದ್ದಾರೆ ಅಂತ ಖಾತ್ರಿ ಆದ್ರೆ ತಿರುಗಿ ಇನ್ನೊಂದು ಸೈಟ್‌ಗೆ ಹೋಗೋಕೂ ಆಗ ಟೈಮ್ ಇರುತ್ತೆ. ವಾಪಸ್ ಬರೋದು ಹೇಡಿತನ ಅಲ್ಲ, ಅದೂ ಆಟವೇ.

ಈಗ ಮುಖ್ಯವಾದ ಮಾತು, ಎರಡನೆಯವನ ಕೆಲಸ.

ಐದು ಜನ ಎದುರು ಐದು ಜನ. ನಮ್ಮ ಮೊದಲನೆಯವನು ಸತ್ತ, ಯಾರೂ ಹಿಂದೆ ಬರಲಿಲ್ಲ. ಈಗ ನಾಲ್ಕು ಎದುರು ಐದು. ಅವರು ಕೂತಿರೋ ಜಾಗ ಹಾಗೇ ಇದೆ, ಧೈರ್ಯ ಜಾಸ್ತಿ ಆಗಿದೆ. ಅದೇ ಮೊದಲನೆಯವನು ಸತ್ತ ಮರುಕ್ಷಣವೇ ಎರಡನೆಯವನು ಆ ಹೊಡೆದವನನ್ನ ಹೊಡೆದ ಅಂದ್ಕೊಳಿ. ನಾಲ್ಕು ಎದುರು ನಾಲ್ಕು, ಜೊತೆಗೆ ಒಂದು ಮೂಲೆ ಖಾಲಿ ಆಯ್ತು, ನಾವು ಸೈಟ್ ಒಳಗಿದ್ದೀವಿ. ಇದನ್ನೇ ಟ್ರೇಡ್ ಅನ್ನೋದು. ಸಾವು ಅದೇ, ಫಲ ಪೂರ್ತಿ ಬೇರೆ.

ಹೊಡೆದವನು ಮತ್ತೆ ಗೋಡೆ ಹಿಂದೆ ಸರಿಯೋಕೆ ಒಂದೆರಡು ಸೆಕೆಂಡ್ ಸಾಕು. ಎರಡನೆಯವನು ಆ ಒಂದೆರಡು ಸೆಕೆಂಡೊಳಗೆ ಅವನನ್ನ ನೋಡುವಷ್ಟು ಹತ್ತಿರ ಇರಬೇಕು. ತೀರಾ ಬೆನ್ನಿಗೆ ಅಂಟಿಕೊಂಡಿರಲೂಬಾರದು: ಒಂದೇ ಫ್ಲ್ಯಾಶ್‌ಗೆ ಇಬ್ಬರೂ ಕುರುಡಾಗ್ತೀರಿ, ಒಂದೇ ಸ್ಪ್ರೇಗೆ ಇಬ್ಬರೂ ಬೀಳ್ತೀರಿ, ಮುಂದಿನವನು ಹಿಂದೆ ಸರಿಯೋಕೂ ಜಾಗ ಇರಲ್ಲ. ಮೂರ್ನಾಲ್ಕು ಹೆಜ್ಜೆ ಬಿಟ್ಟು, ಸ್ವಲ್ಪ ಓರೆಯಾಗಿ ನಿಲ್ಲಿ. ಅವನು ಎಡಗಡೆ ನೋಡಿದ್ರೆ ನೀವು ಬಲಗಡೆ ನೋಡಿ.

ಮೊದಲನೆಯವನಿಗೂ ಒಂದು ಕೆಲಸ ಇದೆ. ಬಾಗಿಲಲ್ಲಿ ನಿಲ್ಲಬಾರದು. ಅವನು ಬಾಗಿಲಲ್ಲೇ ನಿಂತು ಜಗಳ ಶುರು ಮಾಡಿದ್ರೆ ಹಿಂದಿನವರಿಗೆ ದಾರಿನೇ ಇಲ್ಲ, ಹಬ್ಬದ ದಿನ ಸಿಟಿ ಬಸ್ ಫುಟ್‌ಬೋರ್ಡ್ ಥರ ಆಗುತ್ತೆ. ಅವನು ಒಳಗೆ ಸರಿದಷ್ಟೂ ಎದುರಾಳಿಗಳು ಅವನ ಕಡೆ ತಿರುಗ್ತಾರೆ. ಅವರು ತಿರುಗಿದಾಗ ಹಿಂದಿನವನಿಗೆ ಅವರ ಬೆನ್ನೋ ಪಕ್ಕೆಯೋ ಸಿಗುತ್ತೆ. ಒಬ್ಬರನ್ನೂ ಹೊಡೆಯದೆ, ಇಬ್ಬರ ಕಣ್ಣನ್ನ ತನ್ನ ಕಡೆ ಎಳೆದು ಸತ್ತವನು ತನ್ನ ಕೆಲಸ ಮಾಡಿ ಸತ್ತಿದ್ದಾನೆ. ಹಾಗಂತ ಜೆಟ್ ಥರದ ಪಾತ್ರ ಇಟ್ಕೊಂಡು, ಹಿಂದಿನವರಿಗೆ ಹೇಳದೇ ಕೇಳದೇ ಡ್ಯಾಶ್ ಹೊಡೆದು ಹೋದ್ರೆ ಎರಡನೆಯವನು ರೆಕ್ಕೆ ಕಟ್ಕೊಂಡು ಬರೋಕಾಗಲ್ಲ. "ಮೂರು, ಎರಡು, ಒಂದು" ಅಂತ ಎಣಿಸಿ ಹೋಗಿ.

ಚಕ್ರವ್ಯೂಹದ ಕಥೆ ನಮಗೆಲ್ಲ ಗೊತ್ತು. ಅಭಿಮನ್ಯುಗೆ ಒಳಗೆ ಹೋಗೋದು ಗೊತ್ತಿತ್ತು, ಹೊರಗೆ ಬರೋದು ಗೊತ್ತಿರಲಿಲ್ಲ ಅಂತ ಅಜ್ಜಿ ಹೇಳಿರ್ತಾರೆ. ಆ ಕಥೆಯಲ್ಲಿ ಇನ್ನೊಂದು ಭಾಗ ಇದೆ, ಅದನ್ನ ನಾವು ಬೇಗ ಮರೀತೀವಿ. ಭೀಮ ಮೊದಲಾದವರು ಅಭಿಮನ್ಯುವಿನ ಹಿಂದೆಯೇ ಒಳಗೆ ನುಗ್ಗೋದು ಅಂತ ಮಾತಾಗಿತ್ತು. ಸೈಂಧವ ಬಾಗಿಲಲ್ಲೇ ಅವರನ್ನ ತಡೆದು ನಿಲ್ಲಿಸಿದ. ಹುಡುಗ ಒಳಗೆ ಒಂಟಿಯಾದ. ನಮ್ಮ ಮ್ಯಾಚ್‌ಗಳಲ್ಲಿ ತಡೆಯೋಕೆ ಸೈಂಧವನೂ ಬೇಕಾಗಿಲ್ಲ, ನಾವೇ ಗೋಡೆ ಹಿಂದೆ ನಿಂತುಬಿಡ್ತೀವಿ.

ಒಳಗೆ ಹೋದ್ಮೇಲೂ ಕೆಲಸ ಮುಗಿಯಲ್ಲ. ಸ್ಪೈಕ್ ಇಟ್ಟ ಮೇಲೆ 45 ಸೆಕೆಂಡ್‌ಗೆ ಅದು ಸಿಡಿಯುತ್ತೆ, ಅದನ್ನ ಬಿಚ್ಚೋಕೆ ಎದುರಾಳಿಗೆ 7 ಸೆಕೆಂಡ್ ಬೇಕು. ಈಗ ಪಾತ್ರ ಅದಲುಬದಲು. ನುಗ್ಗಬೇಕಾದವರು ಅವರು, ಕಾಯೋರು ನಾವು. ಇಲ್ಲಿಯವರೆಗೆ ಹೇಳಿದ್ದೆಲ್ಲ ಈಗ ಅವರ ತಲೆನೋವು. ಆದ್ರೂ ಎಷ್ಟೋ ಜನ ಸ್ಪೈಕ್ ಇಟ್ಟ ಮೇಲೆ ಕಿಲ್ ಆಸೆಗೆ ಒಬ್ಬೊಬ್ಬರೇ ಹುಡುಕ್ಕೊಂಡು ಹೋಗ್ತಾರೆ. ಗೆದ್ದ ಜಾಗವನ್ನ ಕೈಯಾರೆ ವಾಪಸ್ ಕೊಟ್ಟ ಹಾಗೆ.

ಸರಿ, ಫೋನಲ್ಲಿ ಬಿಜಿಎಂಐ ಆಡೋರು "ನಮ್ಮ ಕಥೆ ಏನು?" ಅಂತ ಕೇಳ್ತಿರ್ತೀರಿ. ಬರ್ತೀನಿ.

ಬಿಜಿಎಂಐನಲ್ಲಿ ನುಗ್ಗೋನಿಗೆ ಇನ್ನೂ ಕಷ್ಟ, ಯಾಕಂದ್ರೆ ಹೆಚ್ಚಿನವರು ಆಡೋದು ಟಿಪಿಪಿಯಲ್ಲಿ. ಕ್ಯಾಮೆರಾ ಆಟಗಾರನ ಬೆನ್ನ ಹಿಂದೆ ಇರುತ್ತೆ. ಮನೆಯೊಳಗೆ ಗೋಡೆ ಮರೆಯಲ್ಲಿ ನಿಂತವನು ತಲೆ ಹೊರಗೆ ಹಾಕದೆ ನೀವು ಬರೋದನ್ನ ನೋಡಬಹುದು. ನಿಮಗೆ ಅವನ ಕೂದಲೂ ಕಾಣಲ್ಲ. ಮೆಟ್ಟಿಲ ಮೇಲೆ ಕಾದು ಕೂತವನ ಎದುರು ಒಬ್ಬೊಬ್ಬರೇ ಹತ್ತೋದು ಅಂದ್ರೆ ಒಬ್ಬೊಬ್ಬರೇ ಸಾಯೋದು. ಹಾಗಾಗಿ ಮೊದಲು ಗ್ರೆನೇಡ್. ಸತ್ತರೆ ಒಳ್ಳೇದು, ಸಾಯದೇ ಇದ್ರೂ ಅವನು ಜಾಗ ಬಿಟ್ಟು ಕದಲಬೇಕು. ಕದಲಿದ ಕ್ಷಣ ಇಬ್ಬರು ಎರಡು ಕಡೆಯಿಂದ ಒಳಗೆ: ಒಬ್ಬರು ಬಾಗಿಲು, ಇನ್ನೊಬ್ಬರು ಕಿಟಕಿ. ಉಳಿದಿಬ್ಬರು ಹೊರಗೆ, ಬೇರೆ ಸ್ಕ್ವಾಡ್ ಸದ್ದು ಕೇಳಿ ಬರ್ತಿದೆಯಾ ಅಂತ ನೋಡ್ತಾ. 100 ಜನರ ಆಟದಲ್ಲಿ ಗುಂಡಿನ ಸದ್ದು ಊಟದ ಗಂಟೆ ಇದ್ದ ಹಾಗೆ, ಎಲ್ಲರೂ ಓಡಿ ಬರ್ತಾರೆ.

ಇನ್ನೊಂದು, ಎರಂಗೆಲ್‌ನ ಸೇತುವೆ. ಮಿಲಿಟರಿ ಬೇಸ್ ಇರೋ ದ್ವೀಪಕ್ಕೂ ಮುಖ್ಯ ಭೂಮಿಗೂ ಮಧ್ಯೆ ಎರಡು ಸೇತುವೆ ಇವೆ. ಝೋನ್ ಆಚೆ ಹೋದ್ರೆ ಎಲ್ಲರೂ ಅಲ್ಲಿಂದಲೇ ದಾಟಬೇಕು ಅಂದ್ಕೋತಾರೆ, ಕಾಯೋರಿಗೂ ಅದೇ ಗೊತ್ತು. ನಾಲ್ಕು ಜನ ಒಂದೇ ಗಾಡಿ ಹತ್ತಿ ಸೇತುವೆ ಮೇಲೆ ಹೋದ್ರೆ ಟೈರ್ ಹೊಡೆಸ್ಕೊಂಡು ಮಧ್ಯದಲ್ಲಿ ನಿಲ್ತೀರಿ. ದೋಣಿ ಇದೆ, ಈಜೋಕೂ ಬರುತ್ತೆ. ಸೇತುವೆನೇ ಬೇಕು ಅಂದ್ರೆ ಎರಡು ಗಾಡಿ ಮಾಡ್ಕೊಳಿ, ಮಧ್ಯೆ ದೂರ ಇಟ್ಕೊಳಿ. ಮುಂದಿನ ಗಾಡಿ ನಿಂತರೆ ಹಿಂದಿನವರು ಎಲ್ಲಿಂದ ಗುಂಡು ಬಂತು ಅಂತ ನೋಡಿ ಹೊಡೀಬಹುದು. ಅಲ್ಲೂ ಅದೇ ಟ್ರೇಡ್.

ಬಿಜಿಎಂಐನಲ್ಲಿ ಬಿದ್ದವನು ತಕ್ಷಣ ಸಾಯಲ್ಲ, ನಾಕ್ ಆಗ್ತಾನೆ. ಎಷ್ಟೋ ಸ್ಕ್ವಾಡ್ ಮುಗಿಯೋದು ಇಲ್ಲೇ. ಪ್ರೀತಿಯಿಂದ ಒಬ್ಬ ಎತ್ತೋಕೆ ಓಡ್ತಾನೆ, ಅವನೂ ಬೀಳ್ತಾನೆ, ಮೂರನೆಯವನು ಓಡ್ತಾನೆ. ಎದುರಾಳಿ ಬೇಕಂತಲೇ ಬಿದ್ದವನನ್ನ ಸಾಯಿಸದೆ ಗಾಳಕ್ಕೆ ಹುಳು ಸಿಕ್ಕಿಸಿದ ಹಾಗೆ ಬಿಟ್ಟಿರ್ತಾನೆ. ಮೊದಲು ಸ್ಮೋಕ್ ಹಾಕಿ. ಆ ಸ್ಮೋಕ್ ಬಿದ್ದವನ ಮೇಲಷ್ಟೇ ಬಿದ್ರೆ ಸಾಲದು, ಅವನಿಗೂ ಎದುರಾಳಿಗೂ ಮಧ್ಯೆ ಬೀಳಬೇಕು. ಬ್ಯಾಗಲ್ಲಿ ಗುಂಡು ಸ್ವಲ್ಪ ಕಮ್ಮಿ ಇದ್ರೂ ಪರವಾಗಿಲ್ಲ, ಸ್ಮೋಕ್ ಎರಡು ಇರಲಿ.

ಕೊನೆಗೆ ಒಂದು ಮಾತು ಉಳಿದಿದೆ, ಅದು ಮೈಕಿನ ವಿಷಯ.

ನನ್ನ ತಂಗಿ ಬಗ್ಗೆ ಹೇಳಿದೆನಲ್ಲ, ಸ್ಮೋಕ್ ಹಾಕೋಳು. ನಮ್ಮ ಜೊತೆ ಆಡುವಾಗ ಅವಳದ್ದೇ ದೊಡ್ಡ ಗಂಟಲು. ಒಬ್ಬಳೇ ಗೊತ್ತಿಲ್ಲದವರ ಜೊತೆ ಆಡುವಾಗ ಮೈಕ್ ಆನ್ ಮಾಡಲ್ಲ. ಹುಡುಗಿ ಧ್ವನಿ ಕೇಳಿದ ತಕ್ಷಣ ಶುರುವಾಗೋ ಮಾತುಗಳನ್ನ ನಾನಿಲ್ಲಿ ಹೇಳಲ್ಲ, ನಿಮಗೆ ಗೊತ್ತು. ಅವಳು ಪಿಂಗ್ ಮಾತ್ರ ಹಾಕ್ತಾಳೆ. ಪಿಂಗ್‌ನಿಂದ "ಜನರೇಟರ್ ಹಿಂದೆ ಒಬ್ಬ" ಅಂತ ತಿಳಿಸಬಹುದು, "ಹತ್ತು ಸೆಕೆಂಡ್ ತಡಿ, ಸ್ಮೋಕ್ ಬರುತ್ತೆ, ಆಮೇಲೆ ಹೋಗೋಣ" ಅಂತ ತಿಳಿಸೋಕಾಗಲ್ಲ. ಆ ಮ್ಯಾಚಲ್ಲಿ ಮುಂದೆ ಹೋಗೋನು ಸಾಯ್ತಾನೆ. ಅವನ ಸಾವಿಗೆ ಒಂದು ಕಾರಣ, ಮೊದಲ ನಿಮಿಷದಲ್ಲಿ ಯಾರೋ ಆಡಿದ ಕೆಟ್ಟ ಮಾತು. ಕೆಟ್ಟ ಬಾಯಿಯ ಟೀಮ್‌ಗೆ ಕಿವಿ ಇರಲ್ಲ, ಕಿವಿ ಇಲ್ಲದ ಟೀಮ್‌ಗೆ ಕಣ್ಣೂ ಇರಲ್ಲ.

ಬೈಸಿಕೊಂಡವನದ್ದೂ ಅದೇ ಕಥೆ. ಎರಡು ಸಲ ಸತ್ತು ಬೈಸಿಕೊಂಡ ಹುಡುಗ ಮೂರನೇ ಸಲ ಮುಂದೆ ಹೋಗಲ್ಲ. ಅವನೂ ಗೋಡೆ ಹಿಂದೆ ನಿಲ್ತಾನೆ. ಈಗ ಐದೂ ಜನ ಗೋಡೆ ಹಿಂದೆ. ಇದಕ್ಕೆ ಸ್ಕೋರ್‌ಬೋರ್ಡ್ ಕೂಡ ಸಹಾಯ ಮಾಡಲ್ಲ. ಅದು ತೋರಿಸೋದು ಎಷ್ಟು ಕೊಂದ, ಎಷ್ಟು ಸಲ ಸತ್ತ. ಅವನು ಸತ್ತಿದ್ದರಿಂದ ನನಗೆ ಸಿಕ್ಕ ಕಿಲ್ ನನ್ನ ಹೆಸರಲ್ಲಿ ಇರುತ್ತೆ, ಸಾವು ಅವನ ಹೆಸರಲ್ಲಿ. ಪ್ರೊಫೆಷನಲ್ ಪಂದ್ಯಗಳ ಅಂಕಿಅಂಶದಲ್ಲಿ ಕೆ-ಎ-ಎಸ್-ಟಿ ಅಂತ ಒಂದು ಲೆಕ್ಕ ಇದೆ. ಆಟಗಾರ ಎಷ್ಟು ರೌಂಡ್‌ಗಳಲ್ಲಿ ಒಬ್ಬರನ್ನಾದ್ರೂ ಕೊಂದ, ಅಥವಾ ಕೊಲ್ಲೋಕೆ ನೆರವಾದ, ಅಥವಾ ಬದುಕುಳಿದ, ಅಥವಾ ಸತ್ತರೂ ಟೀಮ್ ತಕ್ಷಣ ಸೇಡು ತೀರಿಸ್ಕೊಂಡಿತು ಅನ್ನೋದರ ಶೇಕಡಾವಾರು. ಕೊನೇ ಅಕ್ಷರ ಟಿ ಅಂದ್ರೆ ಟ್ರೇಡೇ. ಅಂದ್ರೆ ಟ್ರೇಡ್ ಆದ ಸಾವನ್ನ ಅವರು ವ್ಯರ್ಥ ಅಂತ ಎಣಿಸಲ್ಲ. ನಾವು ಮಾತ್ರ ಎಣಿಸ್ತೀವಿ.

ಇವತ್ತು ರಾತ್ರಿ ಆಡೋರಿಗೆ ಎರಡೇ ಕೆಲಸ ಹೇಳಿ ಮುಗಿಸ್ತೀನಿ. ಮ್ಯಾಚ್ ಶುರುವಾಗೋಕೆ ಮುಂಚೆ, ಮೊದಲು ಯಾರು, ಎರಡನೇದು ಯಾರು ಅಂತ ಮಾತಾಡ್ಕೊಳಿ. ಮೊದಲನೆಯವನು ಬಿದ್ದಾಗ, ಬಾಯಿಗೆ ಬಂದದ್ದು ಹೇಳೋಕೆ ಮುಂಚೆ ಒಂದು ಪ್ರಶ್ನೆ ಕೇಳ್ಕೊಳಿ: ಅವನು ಬೀಳುವಾಗ ಅವನನ್ನ ಹೊಡೆದವನು ನನಗೆ ಕಾಣ್ತಿದ್ನಾ? ಕಾಣ್ತಿರಲಿಲ್ಲ ಅಂದ್ರೆ ನೀವು ದೂರ ಇದ್ರಿ. ಮುಂದಿನ ರೌಂಡಲ್ಲಿ ಮೂರು ಹೆಜ್ಜೆ ಹತ್ತಿರ ಬನ್ನಿ.

ನಿಮ್ಮ ಟೀಮಲ್ಲಿ ಯಾವಾಗಲೂ ಮೊದಲು ಹೋಗಿ ಸಾಯೋ ಒಬ್ಬ ಇರ್ತಾನೆ ಅಥವಾ ಇರ್ತಾಳೆ. ಈ ಸಂಚಿಕೆಯನ್ನ ಅವರಿಗೆ ಕಳಿಸಬೇಡಿ, ಅವರಿಗೆ ಇದೆಲ್ಲ ಗೊತ್ತು. ಹಿಂದೆ ನಿಲ್ಲೋರಿಗೆ ಕಳಿಸಿ.